ಕಲಬುರಗಿಯ ತೊಗರಿ, ಮೊಜಾಂಬಿಕ್‌ನ ಒಡಂಬಡಿಕೆ: ಹಿಂದೂ ಮಹಾಸಾಗರದ ವ್ಯಾಪಾರದ ಬಗ್ಗೆ ಪ್ರಶ್ನೋತ್ತರ

ಕೃಷಿ ಉತ್ಪನ್ನಗಳ ಆಮದು-ರಫ್ತು ಸಲಹೆಗಾರರಾಗಿ ದೀರ್ಘಕಾಲ ಕೆಲಸ ಮಾಡಿದ ನಮ್ಮ ಗುಂಪಿನ ಹಿರಿಯ ಸದಸ್ಯೆಯೊಬ್ಬರು ಈ ವಾರದ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ (ತೊಗರಿ ಬೆಳೆಗಾರ, ಆಳಂದ): ಮೇಡಂ ಅವರಿಗೆ ನಮಸ್ಕಾರ. ನಮ್ಮ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ನಮ್ಮ ಜಿಲ್ಲೆಯನ್ನು ತೊಗರಿಯ ಕಣಜ ಎಂದು ಎಲ್ಲರೂ ಕರೆಯುತ್ತಾರೆ. ಹೀಗಿದ್ದೂ ನಾವು ರಾಶಿ ಮಾಡುವ ಹೊತ್ತಿಗೆ ಸರಿಯಾಗಿ ಆಫ್ರಿಕಾದ ತೊಗರಿಯ ಸುದ್ದಿ ಹಬ್ಬಿ ಎಪಿಎಂಸಿಯಲ್ಲಿ ದರ ಇಳಿಯುತ್ತದೆ. ಮೊಜಾಂಬಿಕ್‌ನಿಂದ ಪ್ರತಿವರ್ಷ ಇಷ್ಟು ತೊಗರಿ ಕೊಳ್ಳುತ್ತೇವೆಂದು ನಮ್ಮ ಸರ್ಕಾರ ಬರೆದುಕೊಟ್ಟಿದೆಯಂತೆ. ಇದು ನಿಜವೇ? ಬೇರೆ ದೇಶದ ರೈತರಿಗೆ ಹಾಗೆ ಮಾತು ಕೊಡುವ ಅಗತ್ಯವೇನಿತ್ತು?

ಉತ್ತರ: ನಮಸ್ಕಾರ. ನಿಜ. 2016ರ ಜುಲೈನಲ್ಲಿ ಪ್ರಧಾನಿಯವರು ಮೊಜಾಂಬಿಕ್‌ನ ರಾಜಧಾನಿ ಮಾಪುಟೊಗೆ ಭೇಟಿ ನೀಡಿದ ಸಮಯದಲ್ಲಿ ಎರಡೂ ದೇಶಗಳು ಬೇಳೆಕಾಳಿನ ವ್ಯಾಪಾರದ ಒಡಂಬಡಿಕೆಗೆ ಸಹಿ ಹಾಕಿದವು. ಮೊದಲ ವರ್ಷ 1 ಲಕ್ಷ ಟನ್‌ನಿಂದ ಆರಂಭಿಸಿ, 2020-21ರ ಹೊತ್ತಿಗೆ ವರ್ಷಕ್ಕೆ 2 ಲಕ್ಷ ಟನ್ ಕೊಳ್ಳುವುದೆಂದು ಅದರಲ್ಲಿ ಹೇಳಲಾಗಿತ್ತು. 2021ರಲ್ಲಿ ಅದನ್ನು ವರ್ಷಕ್ಕೆ 2 ಲಕ್ಷ ಟನ್‌ನಂತೆ ಇನ್ನೂ ಐದು ವರ್ಷಕ್ಕೆ, ಅಂದರೆ 2025-26ರವರೆಗೆ ಮುಂದುವರಿಸಲಾಯಿತು. ಅದೇ ವರ್ಷ ಮಲಾವಿಯೊಂದಿಗೆ 50,000 ಟನ್ ತೊಗರಿಗೆ, ಮ್ಯಾನ್ಮಾರ್‌ನೊಂದಿಗೆ 1 ಲಕ್ಷ ಟನ್ ತೊಗರಿ ಮತ್ತು 2.5 ಲಕ್ಷ ಟನ್ ಉದ್ದಿಗೆ ಇಂಥವೇ ಒಡಂಬಡಿಕೆಗಳಾದವು.

ಆ ಮಾತು ಕೊಟ್ಟ ಕಾಲವನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಸತತ ಎರಡು ವರ್ಷ ಮಳೆ ಕೈಕೊಟ್ಟು 2015-16ರಲ್ಲಿ ದೇಶದ ತೊಗರಿ ಉತ್ಪಾದನೆ ಸುಮಾರು 25.6 ಲಕ್ಷ ಟನ್‌ಗೆ ಇಳಿದಿತ್ತು. 2015ರ ಅಕ್ಟೋಬರ್‌ನಲ್ಲಿ ಚಿಲ್ಲರೆ ಅಂಗಡಿಗಳಲ್ಲಿ ಬೇಳೆಯ ಬೆಲೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು. ಆಫ್ರಿಕಾದ ಪೂರ್ವ ಕರಾವಳಿ ನಮಗೆ ಅನುಕೂಲವಾಗಿದ್ದಕ್ಕೆ ಋತುಮಾನವೂ ಒಂದು ಕಾರಣ. ಭೂಮಧ್ಯರೇಖೆಯ ದಕ್ಷಿಣಕ್ಕಿರುವ ಮೊಜಾಂಬಿಕ್ ಮತ್ತು ಮಲಾವಿಯಲ್ಲಿ ತೊಗರಿಯ ಕೊಯ್ಲು ನಡೆಯುವುದು ನಮ್ಮಲ್ಲಿ ಬಿತ್ತನೆ ಮುಗಿದ ಮೇಲೆ. ನಕಾಲಾ ಮತ್ತು ಬೈರಾ ಬಂದರುಗಳಿಂದ ಹೊರಟ ಸರಕು ಮುಖ್ಯವಾಗಿ ಆಗಸ್ಟ್‌ನಿಂದ ನವೆಂಬರ್‌ವರೆಗೆ, ಅಂದರೆ ನಮ್ಮ ಹಳೆಯ ದಾಸ್ತಾನು ತಳ ಕಂಡು ಹೊಸ ಬೆಳೆ ಇನ್ನೂ ಹೊಲದಲ್ಲಿರುವಾಗ ಇಲ್ಲಿಗೆ ಬರುತ್ತದೆ. ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಹೊಂದಾಣಿಕೆ ಸಿಗುವುದು ಕಷ್ಟ.

ಇನ್ನೊಂದು ಕಾರಣ ರಾಜತಾಂತ್ರಿಕವಾದದ್ದು. ಮೊಜಾಂಬಿಕ್‌ನ ರೊವುಮಾ ಅನಿಲ ನಿಕ್ಷೇಪದ ಒಂದನೇ ವಲಯದಲ್ಲಿ ನಮ್ಮ ಸಾರ್ವಜನಿಕ ವಲಯದ ತೈಲ ಕಂಪನಿಗಳಿಗೆ ಒಟ್ಟು ಶೇ 30ರಷ್ಟು ಪಾಲಿದೆ. 2021ರಲ್ಲಿ ಸಮೀಪದ ಪಾಲ್ಮಾ ಪಟ್ಟಣದ ಮೇಲೆ ಉಗ್ರರ ದಾಳಿಯಾಗಿ ಅಲ್ಲಿನ ಕೆಲಸ ವರ್ಷಗಟ್ಟಲೆ ನಿಂತರೂ ಆ ಹಿತಾಸಕ್ತಿ ಹಾಗೆಯೇ ಇದೆ. 2019ರ ಮಾರ್ಚ್‌ನಲ್ಲಿ ಇಡಾಯ್ ಚಂಡಮಾರುತ ಬೈರಾವನ್ನು ಧ್ವಂಸ ಮಾಡಿದಾಗ ಮೊದಲು ನೆರವಿಗೆ ಹೋದವರಲ್ಲಿ ನಮ್ಮ ನೌಕಾಪಡೆಯೂ ಇತ್ತು. ಸಾಗರದ ಆಚೆಗಿನ ದೇಶವೊಂದರ ಜೊತೆ ಅನಿಲ, ಭದ್ರತೆ, ನೆರವು ಎಲ್ಲವನ್ನೂ ಸೇರಿಸಿ ಸಂಬಂಧ ಕಟ್ಟುವಾಗ, ಅಲ್ಲಿನ ಸಣ್ಣ ರೈತರು ಬೆಳೆದದ್ದನ್ನು ನಾವು ಕೊಳ್ಳುತ್ತೇವೆ ಎಂಬ ಮಾತಿಗೆ ದೊಡ್ಡ ತೂಕವಿರುತ್ತದೆ.

ಪ್ರಶ್ನೆ (ಅದೇ ಬೆಳೆಗಾರ): ಹಡಗು ನವೆಂಬರ್‌ಗೇ ಬಂದು ಹೋಗುವುದಾದರೆ ಜನವರಿಯಲ್ಲಿ ನಮ್ಮ ದರ ಏಕೆ ಇಳಿಯಬೇಕು? 2017ರಲ್ಲಂತೂ ನಾವು ಬೆಂಬಲ ಬೆಲೆಯನ್ನೂ ಕಾಣಲಿಲ್ಲ.

ಉತ್ತರ: 2017ರ ನೋವು ನನಗೂ ಚೆನ್ನಾಗಿ ನೆನಪಿದೆ. ಹಿಂದಿನ ವರ್ಷದ ದರವನ್ನು ನೋಡಿ ಎಲ್ಲರೂ ತೊಗರಿ ಬಿತ್ತಿದರು, ಮಳೆಯೂ ಆಯಿತು, ಉತ್ಪಾದನೆ ಒಂದೇ ವರ್ಷದಲ್ಲಿ ಸುಮಾರು 48.7 ಲಕ್ಷ ಟನ್‌ಗೆ ಏರಿತು. ಬೋನಸ್ ಸೇರಿ ಕ್ವಿಂಟಲ್‌ಗೆ 5,050 ರೂಪಾಯಿ ಬೆಂಬಲ ಬೆಲೆ ಇದ್ದರೂ ಮಾರುಕಟ್ಟೆ ಅದಕ್ಕಿಂತ ಕೆಳಗಿಳಿಯಿತು. ಸರ್ಕಾರ 2017ರ ಮಾರ್ಚ್‌ನಲ್ಲಿ ಶೇ 10ರಷ್ಟು ಆಮದು ಸುಂಕ ಹಾಕಿತು. ಆಗಸ್ಟ್‌ನಲ್ಲಿ ವರ್ಷಕ್ಕೆ 2 ಲಕ್ಷ ಟನ್‌ನ ಮಿತಿ ಹೇರಿ, ಒಡಂಬಡಿಕೆಯ ಪ್ರಮಾಣವನ್ನು ಮಾತ್ರ ಆ ಮಿತಿಯಿಂದ ಹೊರಗಿಟ್ಟಿತು. ಈ ಆದೇಶ ಬಂದದ್ದು ಅಲ್ಲಿನ ಬೆಳೆ ಕೊಯ್ಲಾಗಿ ಹಡಗೇರಲು ಸಿದ್ಧವಾಗಿದ್ದಾಗ. ಮೊಜಾಂಬಿಕ್‌ನಲ್ಲಿ ಜನ ತೊಗರಿಯನ್ನು ಹೆಚ್ಚಾಗಿ ತಿನ್ನುವುದಿಲ್ಲ. ಭಾರತ ಕೊಳ್ಳುತ್ತದೆ ಎಂದೇ ಬೆಳೆಯುತ್ತಾರೆ. ಅಲ್ಲಿಯೂ ದರ ನೆಲಕಚ್ಚಿತು. ನಿಮ್ಮ ಓಣಿಯ ರೈತರಿಗೆ ಬಂದ ಸಂಕಟವೇ ಸಾಗರದ ಆ ದಡದ ರೈತರಿಗೂ ಬಂತು ಎಂಬುದನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ, ಏಕೆಂದರೆ ನಮ್ಮ ಚರ್ಚೆಗಳಲ್ಲಿ ಅವರನ್ನು ಪ್ರತಿಸ್ಪರ್ಧಿಗಳೆಂದು ಮಾತ್ರ ಕಾಣಲಾಗುತ್ತದೆ.

ಇನ್ನು ನಿಮ್ಮ ಜನವರಿಯ ಪ್ರಶ್ನೆ. 2021ರ ಮೇ ತಿಂಗಳಲ್ಲಿ ತೊಗರಿಯ ಆಮದನ್ನು ಮತ್ತೆ ಮುಕ್ತಗೊಳಿಸಿ, ಆಮೇಲೆ ಆ ಅವಧಿಯನ್ನು ಪದೇ ಪದೇ ವಿಸ್ತರಿಸಲಾಯಿತು. 2025ರ ಮಾರ್ಚ್‌ವರೆಗಿನ ವಿಸ್ತರಣೆ ಪ್ರಕಟವಾದದ್ದು 2023ರ ಡಿಸೆಂಬರ್ ಕೊನೆಯಲ್ಲಿ. 2026ರ ಮಾರ್ಚ್ 31ರವರೆಗಿನದು 2025ರ ಜನವರಿಯಲ್ಲಿ. ಎರಡೂ ನಿಮ್ಮ ರಾಶಿಯ ದಿನಗಳು. ಮುಂದಿನ ವರ್ಷವೂ ಬಾಗಿಲು ತೆರೆದಿರುತ್ತದೆ ಎಂದು ತಿಳಿದ ಬೇಳೆ ಮಿಲ್ಲಿನವರು ಇಂದೇ ದಾಸ್ತಾನು ಮಾಡುವ ಆತುರ ತೋರುವುದಿಲ್ಲ, ಗೋದಾಮಿನಲ್ಲಿ ಆಫ್ರಿಕಾದ ಸರಕು ಉಳಿದಿದ್ದರಂತೂ ಇನ್ನೂ ನಿಧಾನಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಒಡಂಬಡಿಕೆಯ 2 ಲಕ್ಷ ಟನ್‌ಗಿಂತ ಈ ಅಧಿಸೂಚನೆಗಳ ಸಮಯವೇ ನಿಮಗೆ ಹೆಚ್ಚು ಪೆಟ್ಟು ಕೊಡುತ್ತಿದೆ.

ಪ್ರಶ್ನೆ (ಗೇರುಬೀಜ ಸಂಸ್ಕರಣೆ ಮಾಡುವವರು, ಮಂಗಳೂರು): ನಾವು ತಾಂಜಾನಿಯದಿಂದ ಕಚ್ಚಾ ಗೇರುಬೀಜ ತರಿಸುತ್ತೇವೆ. ಸುಂಕ ವಿನಾಯಿತಿ ಇದೆ ಎಂದು ನಂಬಿದ್ದೆವು. ಆದರೆ ದಾರಿಯಲ್ಲಿ ಬೇರೊಂದು ಬಂದರಿನಲ್ಲಿ ಹಡಗು ಬದಲಾಯಿಸಿದ ಕಂಟೇನರ್‌ಗಳಿಗೆ ವಿನಾಯಿತಿ ಕೊಡದೆ ದಾಖಲೆ ಕೇಳಿದರು. ಐವರಿ ಕೋಸ್ಟ್‌ನ ಮಾಲಿಗೆ ವಿನಾಯಿತಿಯೇ ಇಲ್ಲ ಎಂದರು. ಎರಡೂ ಆಫ್ರಿಕಾವೇ ಅಲ್ಲವೇ?

ಉತ್ತರ: ವಿನಾಯಿತಿ ಖಂಡದ ಲೆಕ್ಕದಲ್ಲಿ ಸಿಗುವುದಿಲ್ಲ. 2008ರ ಏಪ್ರಿಲ್‌ನಲ್ಲಿ ದೆಹಲಿಯ ಮೊದಲ ಭಾರತ-ಆಫ್ರಿಕಾ ಶೃಂಗಸಭೆಯಲ್ಲಿ, ವಿಶ್ವಸಂಸ್ಥೆಯ ಪಟ್ಟಿಯಲ್ಲಿರುವ ಅತ್ಯಂತ ಹಿಂದುಳಿದ ದೇಶಗಳಿಗೆ ಸುಂಕರಹಿತ ಪ್ರವೇಶ ಕೊಡುವ ಯೋಜನೆಯನ್ನು ಅಂದಿನ ಪ್ರಧಾನಿ ಮನಮೋಹನ್ ಸಿಂಗ್ ಪ್ರಕಟಿಸಿದರು. ಗೇರುಬೀಜದ ಹೆಸರನ್ನು ಅವರು ಅಲ್ಲಿಯೇ ಹೇಳಿದ್ದರು. ತಾಂಜಾನಿಯ, ಮೊಜಾಂಬಿಕ್, ಬೆನಿನ್, ಗಿನಿ-ಬಿಸಾವು ಆ ಪಟ್ಟಿಯಲ್ಲಿವೆ. ಐವರಿ ಕೋಸ್ಟ್ ಮತ್ತು ಘಾನಾ ಇಲ್ಲ.

ಹಡಗು ಬದಲಾಯಿಸಿದ ಮಾತ್ರಕ್ಕೆ ವಿನಾಯಿತಿ ಹೋಗುವುದಿಲ್ಲ. ಮಧ್ಯದ ಬಂದರಿನಲ್ಲಿ ಮಾಲು ಮಾರಾಟಕ್ಕೆ ಒಳಗಾಗಿಲ್ಲ, ಇಳಿಸಿ ಏರಿಸುವುದನ್ನು ಬಿಟ್ಟು ಬೇರೇನೂ ನಡೆದಿಲ್ಲ ಎಂದು ನೀವು ತೋರಿಸಬೇಕು. ಆದ್ದರಿಂದ ಮೂಲ ಬಂದರಿನಿಂದ ಮಂಗಳೂರಿನವರೆಗೆ ಒಂದೇ ಬಿಲ್ ಆಫ್ ಲೇಡಿಂಗ್ (ಹಡಗು ಕಂಪನಿ ಕೊಡುವ ಸರಕು ಸಾಗಣೆ ಪತ್ರ) ಇರುವಂತೆ ಒಪ್ಪಂದದಲ್ಲಿಯೇ ಬರೆಸಿಕೊಳ್ಳಿ. 2020ರ ಸೆಪ್ಟೆಂಬರ್ 21ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ, ಮೂಲ ದೇಶದ ಪ್ರಮಾಣಪತ್ರ ಕೈಯಲ್ಲಿದ್ದರೆ ಸಾಲದು. ಬೆಳೆ ಅಲ್ಲಿಯದೇ ಎಂಬ ಮಾಹಿತಿಯನ್ನು ಆಮದುದಾರರೇ ಸಂಗ್ರಹಿಸಿ ಐದು ವರ್ಷ ಇಟ್ಟುಕೊಳ್ಳಬೇಕು. ಅಧಿಕಾರಿಗಳು ಕೇಳಿದ ಮೇಲೆ ರಫ್ತುದಾರರಿಗೆ ಪತ್ರ ಬರೆಯಲು ಕುಳಿತರೆ ಕಂಟೇನರ್ ಬಾಡಿಗೆ ಏರುತ್ತಲೇ ಇರುತ್ತದೆ.

ಪ್ರಶ್ನೆ (ಸ್ನಾತಕೋತ್ತರ ವಿದ್ಯಾರ್ಥಿನಿ, ಧಾರವಾಡ): ಇಷ್ಟೊಂದು ಬಿಡಿ ಬಿಡಿ ಏರ್ಪಾಡುಗಳ ಬದಲು ಹಿಂದೂ ಮಹಾಸಾಗರದ ಎಲ್ಲ ದೇಶಗಳಿಗೂ ಒಂದೇ ವ್ಯಾಪಾರ ಒಪ್ಪಂದ ಏಕಿಲ್ಲ?

ಉತ್ತರ: 1995ರಲ್ಲಿ ನೆಲ್ಸನ್ ಮಂಡೇಲಾ ದೆಹಲಿಗೆ ಬಂದಾಗ ಆಡಿದ ಮಾತುಗಳಿಂದ ಪ್ರೇರಣೆ ಪಡೆದು, 1997ರ ಮಾರ್ಚ್‌ನಲ್ಲಿ ಮಾರಿಷಸ್‌ನಲ್ಲಿ ಈ ಸಾಗರದಂಚಿನ ದೇಶಗಳ ಸಂಘಟನೆ ಹುಟ್ಟಿತು. ಈಗ 23 ಸದಸ್ಯ ದೇಶಗಳಿವೆ. ಆದರೆ ಅಲ್ಲಿ ಎಲ್ಲವೂ ಸರ್ವಾನುಮತದಿಂದಲೇ ಆಗಬೇಕು. ಆಸ್ಟ್ರೇಲಿಯಾ, ಇರಾನ್, ಸೊಮಾಲಿಯಾ ಮೂರೂ ಒಪ್ಪುವ ಸುಂಕಪಟ್ಟಿಯನ್ನು ಯೋಚಿಸಿ ನೋಡಿ! ಹಾಗಾಗಿ ಭಾರತ ಒಂದೊಂದೇ ದೇಶದೊಂದಿಗೆ ಮುಂದುವರಿಯಿತು: ಶ್ರೀಲಂಕಾದ ಒಪ್ಪಂದ 2000ದಲ್ಲಿ ಜಾರಿಯಾಯಿತು, ಮಾರಿಷಸ್‌ನದು 2021ರ ಏಪ್ರಿಲ್ 1ರಂದು. ಆಫ್ರಿಕಾದ ದೇಶವೊಂದರೊಡನೆ ನಮ್ಮ ಮೊದಲ ವ್ಯಾಪಾರ ಒಪ್ಪಂದ ಅದೇ.

ಪ್ರಶ್ನೆ (ಆಳಂದದ ಬೆಳೆಗಾರ): ಹಾಗಾದರೆ ನಾವು ಏನನ್ನು ಕೇಳಬೇಕು? ಆಮದು ನಿಲ್ಲಿಸಿ ಎಂದೇ?

ಉತ್ತರ: ಹಾಗೆ ಕೇಳಬೇಡಿ, ಮಳೆ ಕೈಕೊಟ್ಟ ವರ್ಷ ಆ ಬೇಡಿಕೆಗೆ ಯಾರೂ ಕಿವಿಗೊಡುವುದಿಲ್ಲ. ಆಮದಿನ ಪ್ರಮಾಣ ಮತ್ತು ಸುಂಕವನ್ನು ಜೂನ್‌ನ ಬಿತ್ತನೆಗೆ ಮೊದಲೇ, ಬೆಂಬಲ ಬೆಲೆಯ ಜೊತೆಗೇ ಪ್ರಕಟಿಸಿ, ರಾಶಿ ಮುಗಿಯುವವರೆಗೆ ಬದಲಿಸಬಾರದು ಎಂದು ಕೇಳಿ. ಮುಂಗಾರು ಬೆಲೆಗಳ ಶಿಫಾರಸಿಗೆ ಮೊದಲು ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ರೈತ ಪ್ರತಿನಿಧಿಗಳ ಅಭಿಪ್ರಾಯ ಕೇಳುತ್ತದೆ. ಆಗ ನೀವು ಆಯೋಗಕ್ಕೆ ಕೊಡುವ ಮನವಿಗೆ 2023ರ ಡಿಸೆಂಬರ್ ಮತ್ತು 2025ರ ಜನವರಿಯ ಅಧಿಸೂಚನೆಗಳನ್ನೂ, ಅವು ಬಂದ ಮೊದಲಿನ ಹಾಗೂ ನಂತರದ ಎರಡೆರಡು ವಾರಗಳ ನಿಮ್ಮ ಎಪಿಎಂಸಿಯ ದರಪಟ್ಟಿಯನ್ನೂ ಲಗತ್ತಿಸಿ. ದರಪಟ್ಟಿ ನಿಮಗೆ ಸಿಕ್ಕರೆ ಇಲ್ಲಿಯೇ ಹಾಕಿ. ಮನವಿಯ ಕರಡನ್ನು ನಾನು ಬರೆದುಕೊಡುತ್ತೇನೆ.