ಪದಚರ್ಚೆ: ಅಕ್ಷರದ ಬಣ್ಣ – ‘ಸ್ಟ್ರೋಕ್’, ‘ಗ್ರೇಡಿಯಂಟ್’

ಬಲ್ಲವರೇ,

ಚಿತ್ರ ಬಿಡಿಸುವ ಇಂಕ್‌ಸ್ಕೇಪ್ ತಂತ್ರಾಂಶದಲ್ಲಿ ಅಕ್ಷರಗಳಿಗೆ ಬಣ್ಣ ಕೊಡುವ ಬಗೆಯನ್ನು ಪ್ರೌಢಶಾಲೆಯ ಮಕ್ಕಳಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಫಿಲ್’ ಎಂಬುದಕ್ಕೆ ‘ತುಂಬುಬಣ್ಣ’ ಎಂದಿಟ್ಟುಕೊಂಡಿದ್ದೇನೆ, ‘ಶ್ಯಾಡೋ’ಗೆ ‘ನೆರಳು’ ಇದ್ದೇ ಇದೆ. ತೊಡಕಿರುವುದು ‘ಸ್ಟ್ರೋಕ್’ನಲ್ಲಿ, ಅಂದರೆ ಅಕ್ಷರದ ಅಂಚಿನುದ್ದಕ್ಕೂ ಎಳೆಯುವ ಬಣ್ಣದ ಗೆರೆಯಲ್ಲಿ.

ಥಟ್ಟನೆ ಹೊಳೆಯುವ ಪದ ‘ಹೊರಗೆರೆ’. ಆದರೆ ಆ ಗೆರೆ ಹೊರಗೆ ಮಾತ್ರ ಇರುವುದಿಲ್ಲ. ಅಕ್ಷರದ ಅಂಚನ್ನೇ ನಡುವಾಗಿಟ್ಟುಕೊಂಡು ಎರಡೂ ಕಡೆಗೆ ಹರಡುತ್ತದೆ: 4 ಪಿಕ್ಸೆಲ್ ದಪ್ಪ ಕೊಟ್ಟರೆ 2 ಅಕ್ಷರದ ಮೈಯನ್ನು ತಿನ್ನುತ್ತದೆ, 2 ಆಚೆಗೆ ಚಾಚುತ್ತದೆ. ‘ಠ’ ಬರೆದು ನೋಡಿ. ದಪ್ಪ ಹೆಚ್ಚಿಸುತ್ತ ಹೋದಂತೆ ತುಂಬುಬಣ್ಣ ಸೊರಗುತ್ತದೆ, ಒಳಗಿನ ಚುಕ್ಕೆಯ ಸುತ್ತಲಿನ ಬಿಳಿಯೂ ಮುಚ್ಚಿಹೋಗುತ್ತದೆ. ಗೆರೆಯನ್ನು ತುಂಬುಬಣ್ಣದ ಕೆಳಗೆ ತಳ್ಳುವ ಆಯ್ಕೆ ದಪ್ಪ ಕೊಡುವ ಕಿಟಕಿಯಲ್ಲೇ ಇದೆ. ಅದನ್ನು ಒತ್ತಿದರೆ ಅಕ್ಷರದ ಮೈ ಮತ್ತೆ ತುಂಬಿಕೊಳ್ಳುತ್ತದೆ, ಚುಕ್ಕೆಯ ಸುತ್ತಲಿನ ಬಿಳಿ ಮಾತ್ರ ಮರಳುವುದಿಲ್ಲ. ಇಷ್ಟನ್ನು ವಿವರಿಸಿದ ಮೇಲೆ ಅದನ್ನೇ ‘ಹೊರಗೆರೆ’ ಎಂದು ಕರೆದರೆ ಮಕ್ಕಳು ಯಾವುದನ್ನು ನಂಬಬೇಕು? ಬರವಣಿಗೆಗೆ ಬಳಸುವ ಲಿಬ್ರೆಆಫೀಸ್ ತಂತ್ರಾಂಶದಲ್ಲಿ ಅಕ್ಷರವನ್ನು ಟೊಳ್ಳಾಗಿಸಿ ಸುತ್ತಲಿನ ಗೆರೆಯನ್ನಷ್ಟೇ ಉಳಿಸುವ ‘ಔಟ್‌ಲೈನ್’ ಎಂಬ ಪರಿಣಾಮವಿದೆ. ‘ಹೊರಗೆರೆ’ ಅದಕ್ಕೇ ಮೀಸಲಿರಲಿ ಎಂಬುದು ನನ್ನ ಅಭಿಪ್ರಾಯ.

ಇಳಕಲ್ ಸೀರೆಗೆ ಒಡಲು ಒಂದು ಬಣ್ಣವಾದರೆ ಅಂಚು ಇನ್ನೊಂದು ಬಣ್ಣ. ಹಾಗಾಗಿ ‘ಅಂಚು’ ಎಂದರೆ ಸಾಕೆನಿಸಿತ್ತು. ಆದರೆ ಪುಟದ ಸುತ್ತ ಬಿಡುವ ಜಾಗಕ್ಕೂ ಅಂಚು ಎಂದೇ ಹೇಳುತ್ತೇವೆ. ಸದ್ಯಕ್ಕೆ ‘ಅಂಚುಗೆರೆ’ ಎಂದು ಬರೆದಿದ್ದೇನೆ.

‘ಗ್ರೇಡಿಯಂಟ್’, ಅಂದರೆ ಒಂದು ಬಣ್ಣ ಮೆಲ್ಲಮೆಲ್ಲನೆ ಇನ್ನೊಂದಾಗುವುದು, ಇನ್ನೂ ಕಷ್ಟದ್ದು. ಗಣಿತದ ‘ಇಳಿಜಾರು’ ಇಲ್ಲಿ ಖಂಡಿತ ಬೇಡ. ಕಡುನೀಲಿ ತಿಳಿನೀಲಿಯಾದರೆ ಇಳಿಯಿತು ಎನ್ನಬಹುದು, ಕೆಂಪು ಹಳದಿಯಾದರೆ ಇಳಿದದ್ದೇನು? ‘ಛಾಯಾಂತರ’ ಕೇಳಲು ಚೆಂದ, ಆದರೆ ಒಂದೇ ಬಣ್ಣದ ಛಾಯೆಗಳಿಗೆ ಸೀಮಿತವೆನಿಸುತ್ತದೆ. ‘ಬಣ್ಣದಿಂದ ಬಣ್ಣಕ್ಕೆ’ ಎಂಬುದು ಅರ್ಥಕ್ಕೆ ಸರಿ, ಗುಂಡಿಯ ಮೇಲೆ ಹಿಡಿಸುವುದಿಲ್ಲ. ‘ತುಂಬುಬಣ್ಣ’ದ ಜೋಡಿಯಾಗಿ ‘ಜಾರುಬಣ್ಣ’ ಎನ್ನೋಣವೇ? ಬಣ್ಣ ಒಂದರಿಂದ ಇನ್ನೊಂದಕ್ಕೆ ಜಾರುತ್ತದೆ ಎಂಬ ಅರ್ಥದಲ್ಲಿ. ನಡುವಿನಿಂದ ಸುತ್ತಲೂ ಹರಡುವ ಬಗೆಗೂ ಇದೇ ಹೆಸರು ಒಪ್ಪೀತೇ ಎಂಬ ಅನುಮಾನ ನನಗಿದೆ.

ನಾಮಫಲಕ ಬರೆಯುವವರು, ನೂಲಿಗೆ ಬಣ್ಣ ಹಾಕುವವರು ಹೀಗೆ ಬಣ್ಣ ಬದಲಾಗುತ್ತ ಹೋಗುವುದಕ್ಕೆ ಏನೆನ್ನುತ್ತಾರೆ? ನಿಮ್ಮ ಊರಿನ ಕಡೆ ಬಳಕೆಯಲ್ಲಿರುವ ಪದವಿದ್ದರೆ, ಯಾವ ಕಸುಬಿನದು ಎಂಬುದರೊಂದಿಗೆ ದಯವಿಟ್ಟು ತಿಳಿಸಿ. ‘ಅಂಚುಗೆರೆ’ಗೆ ಆಕ್ಷೇಪವಿದ್ದರೆ ಅದನ್ನೂ ಬರೆಯಿರಿ.