ಬಿ.ಕಾಂ ಲೆಕ್ಕ ತಲೆಗೆ ಹತ್ತುತ್ತಿಲ್ಲ, ನೀವೆಲ್ಲ ಹೇಗೆ ಕಲಿತಿರಿ?

ಪಿಯುಸಿಯಲ್ಲಿ ಸೈನ್ಸ್ ಓದಿ ಈಗ ಶಿವಮೊಗ್ಗದಲ್ಲಿ ಬಿ.ಕಾಂ ಸೇರಿದ್ದೇನೆ. ಯಾವುದು ಡೆಬಿಟ್, ಯಾವುದು ಕ್ರೆಡಿಟ್ ಅಂತಲೇ ತಿಳಿಯುತ್ತಿಲ್ಲ. ಎಕನಾಮಿಕ್ಸ್‌ನ ಬೇಡಿಕೆ, ಪೂರೈಕೆ ರೇಖೆಗಳದ್ದೂ ಅದೇ ಕಥೆ. ನಮ್ಮೂರು ತೀರ್ಥಹಳ್ಳಿ ಕಡೆ, ದಿನಾ ಬಸ್ಸಿನಲ್ಲಿ ಓಡಾಟ, ಟ್ಯೂಷನ್‌ಗೆ ಹೊತ್ತಿಲ್ಲ. ಗೊತ್ತಿದ್ದವರು ಹೇಳಿ.

ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರು, ಶಿವಮೊಗ್ಗ:
ಗಾಬರಿ ಬೇಡ. ಪೆನ್ನು ಹಿಡಿಯುವ ಮೊದಲು ಒಂದು ಕೇಳಿಕೊಳ್ಳಿ, ಇದು ಯಾರ ಪುಸ್ತಕ? ಬೆಳೆಗಾರರೊಬ್ಬರು 50,000 ರೂಪಾಯಿಯ ರಾಶಿ ಅಡಿಕೆಯನ್ನು ವ್ಯಾಪಾರಿಗೆ ಉದ್ರಿ ಕೊಟ್ಟರು ಅಂದುಕೊಳ್ಳಿ. ವ್ಯಾಪಾರಿಯ ಪುಸ್ತಕದಲ್ಲಿ ಖರೀದಿ ಖಾತೆ ಡೆಬಿಟ್, ಬೆಳೆಗಾರರ ಖಾತೆ ಕ್ರೆಡಿಟ್. ಬೆಳೆಗಾರರ ಪುಸ್ತಕದಲ್ಲಿ ವ್ಯಾಪಾರಿಯ ಖಾತೆ ಡೆಬಿಟ್, ಮಾರಾಟ ಖಾತೆ ಕ್ರೆಡಿಟ್. ಆಮೇಲೆ ವ್ಯಾಪಾರಿ 20,000 ನಗದು ಕೊಟ್ಟರೆ ಅವರ ಪುಸ್ತಕದಲ್ಲಿ ಬೆಳೆಗಾರರ ಖಾತೆ ಡೆಬಿಟ್, ನಗದು ಖಾತೆ ಕ್ರೆಡಿಟ್, ಕೊಡಬೇಕಾದ ಬಾಕಿ 30,000. ಎರಡೂ ಪುಸ್ತಕವನ್ನು ಪಕ್ಕಪಕ್ಕ ಬರೆದು ನೋಡಿ, ಸುಮ್ನೆ ರೂಲ್ ಬಾಯಿಪಾಠ ಮಾಡುವುದಕ್ಕಿಂತ ಬೇಗ ಹತ್ತುತ್ತದೆ.

ಪಾಸ್‌ಬುಕ್ ಗೊಂದಲವೂ ಇದೇ. ನೀವು ದುಡ್ಡು ಕಟ್ಟಿದರೆ ಅಲ್ಲಿ ಕ್ರೆಡಿಟ್ ಅಂತ ಬರುತ್ತದೆ, ಕ್ಲಾಸಿನಲ್ಲಿ ನೋಡಿದರೆ ಬ್ಯಾಂಕ್ ಖಾತೆಯನ್ನು ಡೆಬಿಟ್ ಮಾಡಿ ಅಂತಾರೆ. ಪಾಸ್‌ಬುಕ್‌ನಲ್ಲಿರುವುದು ಬ್ಯಾಂಕಿನವರ ಲೆಕ್ಕ, ಅವರು ನಿಮಗೆ ಕೊಡಬೇಕಾದ ದುಡ್ಡು ಅದು. ಇದು ತಿಳಿದರೆ ಬ್ಯಾಂಕ್ ರಿಕನ್ಸಿಲಿಯೇಷನ್, ಅಂದರೆ ನಮ್ಮ ಪುಸ್ತಕವನ್ನೂ ಪಾಸ್‌ಬುಕ್ಕನ್ನೂ ತಾಳೆ ನೋಡುವುದು, ಅರ್ಧ ಬಂದ ಹಾಗೆ.

ಎಕನಾಮಿಕ್ಸ್ ಮೇಡಂ, ಸಾಗರ:
ರೇಖೆಯ ಮೇಲೆ ಸರಿಯುವುದು ಬೇರೆ, ರೇಖೆಯೇ ಸರಿಯುವುದು ಬೇರೆ. ಮಕ್ಕಳು ಅಂಕ ಕಳೆದುಕೊಳ್ಳುವುದು ಇಲ್ಲೇ. ಮಳೆ ಜಾಸ್ತಿಯಾಗಿ ಕೊಳೆರೋಗ ಬಂದು ಕಾಯಿ ಉದುರಿತು ಅನ್ನಿ. ಅದೇ ದರಕ್ಕೆ ಪೇಟೆಗೆ ಬರುವ ಅಡಿಕೆ ಕಡಿಮೆ, ಹಾಗಾಗಿ ಪೂರೈಕೆ ರೇಖೆ ಎಡಕ್ಕೆ ಸರಿಯುತ್ತದೆ. ದರ ಏರಿತು ಅಂತ ಕೊಳ್ಳುವವರು ಕಡಿಮೆ ಕೊಳ್ಳುತ್ತಾರಲ್ಲ, ಅದು ಇದ್ದ ಬೇಡಿಕೆ ರೇಖೆಯ ಮೇಲೇ ನಡೆಯುವುದು. ಇನ್ನು ದರ ಚೆನ್ನಾಗಿದೆ ಅಂತ ಇವತ್ತು ಸಸಿ ನೆಟ್ಟರೂ ಫಸಲಿಗೆ ಐದಾರು ವರ್ಷ ಕಾಯಬೇಕು, ಅಲ್ವಾ? ಅಲ್ಪಾವಧಿಯಲ್ಲಿ ಪೂರೈಕೆಯ ಸ್ಥಿತಿಸ್ಥಾಪಕತ್ವ (ದರ ಬದಲಾದಾಗ ಪೂರೈಕೆ ಎಷ್ಟು ಬದಲಾಗುತ್ತದೆ ಅನ್ನುವುದು) ಕಡಿಮೆ ಅಂದರೆ ಇಷ್ಟೇ.

ಕೊನೇ ವರ್ಷದ ಬಿ.ಕಾಂ, ಹೊಸನಗರ:
ನಾನು ಬ್ರೇಕ್ ಈವನ್, ಅಂದರೆ ಲಾಭವೂ ಇಲ್ಲ ನಷ್ಟವೂ ಇಲ್ಲ ಅನ್ನುವ ಮಾರಾಟದ ಮಟ್ಟ, ಕಲಿತದ್ದು ಅತ್ತೆಯ ಹಲಸಿನ ಹಪ್ಪಳದ ಲೆಕ್ಕದಲ್ಲಿ. ಬಾಡಿಗೆ, ಕೆಲಸದವರ ಸಂಬಳ ಸೇರಿ ತಿಂಗಳಿಗೆ 12,000 ಸ್ಥಿರ ವೆಚ್ಚ ಅಂತಿಟ್ಟುಕೊಳ್ಳಿ. ಒಂದು ಕಟ್ಟಿಗೆ 60 ರೂಪಾಯಿ, ಕಾಯಿ, ಮೆಣಸು, ಪ್ಯಾಕೆಟ್ ಎಲ್ಲ ಸೇರಿ ಖರ್ಚು 40. ಉಳಿಯುವುದು 20. ಭಾಗಿಸಬೇಕಾದದ್ದು ಈ 20ರಿಂದ, 60ರಿಂದ ಅಲ್ಲ. ಆಗ 600 ಕಟ್ಟು ಬರುತ್ತದೆ. 800 ಮಾರಿದರೆ ಲಾಭ 4,000.

ಕೇಳಿದವರು:
ಅತ್ತೆ ತಾವೂ ಕೂತು ಒತ್ತುತ್ತಾರಲ್ಲ, ಅವರ ಸಂಬಳ?

ಹೊಸನಗರ:
ಒಳ್ಳೇ ಪ್ರಶ್ನೆ. ಅಕೌಂಟ್ಸ್ ಪೇಪರ್‌ನಲ್ಲಿ ಅದನ್ನು ಸೇರಿಸಬೇಡಿ. ಎಕನಾಮಿಕ್ಸ್‌ನಲ್ಲಿ ಸೇರಿಸಲೇಬೇಕು. ಬೇರೆ ಕಡೆ ಹೋಗಿದ್ದರೆ ಅವರಿಗೆ 3,000 ಸಿಗುತ್ತಿತ್ತು ಅಂದರೆ ಆರ್ಥಿಕ ಲಾಭ 1,000 ಮಾತ್ರ.