ಅಪ್ಪನ ಸಿಹಿ ವೈನು, ನನ್ನ ಚಿಲ್ಲರ್ ಲೆಕ್ಕ: ಎಲ್ಲಿಂದ ಶುರು ಮಾಡಲಿ?

ಚಪ್ಪರದ_ಹುಡುಗಿ:
ನಮ್ಮದು ಚಿಕ್ಕಬಳ್ಳಾಪುರದ ಕಡೆ ಸಣ್ಣ ವೈನರಿ. ತಾತ ಬೆಂಗಳೂರು ನೀಲಿ ದ್ರಾಕ್ಷಿ ಬೆಳೆದು ಮಂಡಿಗೆ ಹಾಕುತ್ತಿದ್ದರು. 2007ರ ವೈನ್ ನೀತಿ ಬಂದ ಮೇಲೆ ಅಪ್ಪ ಲೈಸೆನ್ಸ್ ಮಾಡಿಸಿ ಅದೇ ಹಣ್ಣಿನಲ್ಲಿ ಸಿಹಿ ವೈನ್ ಶುರು ಮಾಡಿದರು. ಅವರಿಗೆ ಥರ್ಮಾಮೀಟರ್ ಬೇಡ. ಟ್ಯಾಂಕಿಗೆ ಅಂಗೈ ಇಟ್ಟು, ಆಮೇಲೆ ಕಿವಿ ಇಟ್ಟು, "ಇನ್ನೆರಡು ದಿನ ಬಿಡು" ಅನ್ನುತ್ತಾರೆ, ಬಹಳ ಸಲ ಅದು ಸರಿಯೇ ಇರುತ್ತದೆ. ಆದರೆ ಹೋದ ಏಪ್ರಿಲ್‌ನಲ್ಲಿ ಒಂದು ಟ್ಯಾಂಕು ಪೂರ್ತಿ ನೇಲ್ ಪಾಲಿಶ್ ವಾಸನೆ ಹೊಡೆದು ಚರಂಡಿಗೆ ಹೋಯಿತು. ನನಗೆ ಕೂಲಿಂಗ್ ಜಾಕೆಟ್ (ಸುತ್ತ ತಣ್ಣೀರು ಹರಿಯುವ ಹೊದಿಕೆ) ಇರುವ ಟ್ಯಾಂಕು, ಆ ನೀರು ತಣ್ಣಗೆ ಮಾಡುವ ಚಿಲ್ಲರ್ ಬೇಕು. ಒಂದೆಕರೆ ಹಳೇ ಬಳ್ಳಿ ಕಿತ್ತು ಶಿರಾಜ್ ಅನ್ನುವ ಕೆಂಪು ವೈನಿನ ದ್ರಾಕ್ಷಿ ಹಾಕುವ ಆಸೆಯೂ ಇದೆ. ಅಪ್ಪ, "ನಾನು ಸತ್ತ ಮೇಲೆ ಕೀಳು" ಅಂದರು.

ಲ್ಯಾಬ್_ಬಾಬು:
ಮೊದಲು ಇದನ್ನು ಹೇಳಿ, ಆ ಟ್ಯಾಂಕು ತುಂಬಿತ್ತಾ? ಆ ವಾಸನೆ ಸಾಮಾನ್ಯವಾಗಿ ಗಾಳಿಯಿಂದ ಬರುತ್ತದೆ. ಮೇಲೆ ಖಾಲಿ ಜಾಗ ಬಿಟ್ಟರೆ ವಿನೆಗರ್ ಮಾಡುವ ಬ್ಯಾಕ್ಟೀರಿಯಾಕ್ಕೆ ಹಬ್ಬ, ಅದರ ಜೊತೆ ಏಪ್ರಿಲ್ ಸೆಖೆ ಬೇರೆ. ಚಿಲ್ಲರ್‌ಗಿಂತ ಮೊದಲು ಒಂದು ಪಿಎಚ್ ಮೀಟರ್ ತಗೊಳ್ಳಿ (ಪಿಎಚ್ ಏರಿದಷ್ಟೂ ಹುಳಿ ಕಡಿಮೆ ಅಂತ ಅರ್ಥ). ಪಿಎಚ್ 3.3 ಇದ್ದಾಗ ಸಾಕಾಗುವ ಕೆಎಂಎಸ್ (ವೈನ್ ಕೆಡದಂತೆ ಹಾಕುವ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಪುಡಿ) 3.8ಕ್ಕೆ ಸಾಲದು, ಸುಮಾರು ಮೂರು ಪಟ್ಟು ಬೇಕು. ಕಣ್ಣಳತೆಯಲ್ಲಿ ಪುಡಿ ಹಾಕಿದರೆ ಒಂದು ವರ್ಷ ನಡೆಯುತ್ತದೆ, ಇನ್ನೊಂದು ವರ್ಷ ಚರಂಡಿ. ಕೆಂಪು ವೈನ್ ಹುದುಗುವಾಗ 30 ಡಿಗ್ರಿ ದಾಟದಂತೆ ನೋಡಿಕೊಳ್ಳಿ. ಈ ಸಲಕ್ಕೆ ಬೆಳಗಿನ ಜಾವ ಹಣ್ಣು ಕೊಯ್ದು, ಟ್ಯಾಂಕಿಗೆ ಗೋಣಿಚೀಲ ಸುತ್ತಿ ನೀರು ಬಿಟ್ಟರೂ ಎಷ್ಟೋ ವಾಸಿ.

ತೋಟದ_ಗೌಡ:
ಬಳ್ಳಿ ಕೀಳಬೇಡಮ್ಮ. ನೀಲಿ ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ಶಿರಾಜ್ ಹಾಕಿದರೆ ಚಪ್ಪರ ಬಿಚ್ಚಿ ತಂತಿ ಕಟ್ಟಿ ಮೂರು ವರ್ಷ ಕಾಯಬೇಕು. ಆಳುಗಳಿಗೆ ಬಟವಾಡೆ ಆಗುತ್ತಿರುವುದು ಆ ಸಿಹಿ ವೈನಿನಿಂದಲೇ ಅಲ್ವಾ? ನಂದಿ ಕಡೆ ಯಾರ ಹತ್ತಿರವಾದರೂ ಒಂದೆರಡು ಟನ್ ಶಿರಾಜ್ ಕೊಂಡು ಮಾಡಿ ನೋಡು. ಕುಡಿಯುವವರು ಸಿಕ್ಕರೆ ಆಮೇಲೆ ಗುಂಡಿ ತೋಡು.

ಫ್ಲಾರೆನ್ಸ್_ಕನ್ನಡಿಗ:
ಇಲ್ಲಿ ಇಟಲಿಯಲ್ಲಿ ಆಂಟಿನೋರಿ ಅಂತ ಒಂದು ಮನೆತನ ಇದೆ, 1385ರಿಂದ ವೈನ್ ಕಸುಬು, 26 ತಲೆಮಾರು. ಅಂಥವರೂ 1971ರಲ್ಲಿ ತಿನ್ಯಾನೆಲ್ಲೋ ಅಂತ ಒಂದು ವೈನ್‌ನಲ್ಲಿ ಸಣ್ಣ ಓಕ್ ಪೀಪಾಯಿ ಪ್ರಯೋಗ ಮಾಡಿದರು, ಕ್ಯಾಂಟಿ ಅನ್ನುವ ಈ ಕಡೆಯ ಸಾಂಪ್ರದಾಯಿಕ ಕೆಂಪು ವೈನಿನ ನಿಯಮಕ್ಕೆ ಹೊಂದದೆ ಬರೀ ಟೇಬಲ್ ವೈನ್ (ಸಾಧಾರಣ ದರ್ಜೆಯ ವೈನ್) ಅಂತ ಮಾರಿದರು. ಮನೆಯ ಕ್ಯಾಂಟಿ ಮಾಡುವುದನ್ನೇನೂ ನಿಲ್ಲಿಸಲಿಲ್ಲ. ನೀವೂ ಒಂದು ಟ್ಯಾಂಕು ನಿಮ್ಮದು ಅಂತ ಕೇಳಿ. ಅದಕ್ಕೆ ಬೇರೆ ಲೇಬಲ್. (ಅವರಿಗೆ ಇರುವ ದುಡ್ಡು ನಮಗಿಲ್ಲ, ಅದು ಬೇರೆ ಮಾತು.)

ಚಪ್ಪರದ_ಹುಡುಗಿ:
ಬಾಬು ಅವರೇ, ನೀವು ಹೇಳಿದ್ದು ನಿಜ. ಯಾವುದೋ ಆರ್ಡರ್‌ಗೆ ಅಂತ ಅಪ್ಪ ಆ ಟ್ಯಾಂಕಿನಿಂದ ಕಾಲು ಭಾಗ ತೆಗೆದಿದ್ದರಂತೆ, ಯಾರಿಗೂ ಹೇಳಿರಲಿಲ್ಲ. ಗೌಡರೇ, ಬಳ್ಳಿ ಕೀಳುವುದಿಲ್ಲ ಅಂತ ರಾತ್ರಿ ಊಟಕ್ಕೆ ಕೂತಾಗ ಹೇಳಿಬಿಟ್ಟೆ. ಹಿಂದಿನ ಮೂಲೆಯ 500 ಲೀಟರ್ ಟ್ಯಾಂಕು ನನಗಂತೆ. ಇವತ್ತು ಥರ್ಮಾಮೀಟರ್ ತಂದೆ. ಅದನ್ನು ಇಳಿಬಿಡುವ ಮೊದಲು ಅಪ್ಪ ಟ್ಯಾಂಕಿಗೆ ಕೈ ಇಟ್ಟು "29" ಅಂದರು. 31 ಇತ್ತು. "ನಿನ್ನ ಕಡ್ಡಿ ಸರಿ ಇಲ್ಲ" ಅಂತ ಇನ್ನೊಂದು ಟ್ಯಾಂಕಿಗೆ ಕರೆದುಕೊಂಡು ಹೋದರು.